ಹೊಳೆ ಎಲ್ಲಿ ದಾಟುತ್ತೀರಿ? ಕರಾವಳಿಯ ಐದು ಸೈಕಲ್ ದಾರಿಗಳು

ನವೆಂಬರ್ ಬಂತೆಂದರೆ ಬೆಂಗಳೂರಿನ ಗೆಳೆಯರ ಫೋನ್ ಶುರು. "ಸೈಕಲ್ ತಗೊಂಡು ಉಡುಪಿ ಕಡೆ ಬರ್ತಾ ಇದ್ದೀವಿ. ಒಂದೊಳ್ಳೆ ರೂಟ್ ಹೇಳು. ಎಂಬತ್ತು ಕಿಲೋಮೀಟರ್ ಆಗಬೇಕು, ಸಮುದ್ರ ಕಾಣಬೇಕು, ಏರು ಇರಬಾರದು." ನಾನು ಕಿಲೋಮೀಟರ್ ಲೆಕ್ಕಕ್ಕೆ ಹೋಗುವುದೇ ಇಲ್ಲ. ಮೊದಲು ಕೇಳುವುದು ಒಂದೇ ಪ್ರಶ್ನೆ: ಹೊಳೆ ಎಲ್ಲಿ ದಾಟುತ್ತೀರಿ?

ಅವರಿಗೆ ಇದು ತಮಾಷೆಯಂತೆ ಕೇಳುತ್ತದೆ. ಆದರೆ ಇಲ್ಲಿನ ನಕ್ಷೆ ನೋಡಿ. ರಸ್ತೆ ಉತ್ತರ ದಕ್ಷಿಣವಾಗಿ ಓಡುತ್ತದೆ. ಹೊಳೆಗಳು ಘಟ್ಟದಿಂದಿಳಿದು ಪಶ್ಚಿಮಕ್ಕೆ ಹೋಗುತ್ತವೆ. ಉಡುಪಿಯಿಂದ ಉತ್ತರಕ್ಕೆ ಹೊರಟರೆ ಸ್ವರ್ಣಾ, ಸೀತಾ, ಕುಂದಾಪುರದ ಹತ್ತಿರ ಐದು ಹೊಳೆ ಸೇರುವ ಪಂಚಗಂಗಾವಳಿ, ಇನ್ನೂ ಮುಂದೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಇವನ್ನೆಲ್ಲ ದಾಟಲು ದೊಡ್ಡ ಸೇತುವೆ ಇರುವುದು ಹೆಚ್ಚಾಗಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಕಡಲ ಬದಿಯ ಸಣ್ಣ ರಸ್ತೆಯಲ್ಲಿ ಎಷ್ಟು ಚೆಂದವಾಗಿ ಹೋಗುತ್ತಿದ್ದರೂ ಹೊಳೆ ಎದುರಾದ ಕೂಡಲೇ ಮೂರರಲ್ಲಿ ಒಂದು ಮಾಡಲೇಬೇಕು. ಒಳಗೆ ತಿರುಗಿ ಹೆದ್ದಾರಿ ಸೇತುವೆ ಹಿಡಿಯಬೇಕು, ದೋಣಿ ಹತ್ತಬೇಕು, ಇಲ್ಲವೇ ಬಂದ ದಾರಿಯಲ್ಲೇ ವಾಪಸ್. ನಿಮ್ಮ ದಿನ ಹೇಗಿರುತ್ತದೆ ಎನ್ನುವುದು ಈ ಆಯ್ಕೆಯಲ್ಲೇ ಇದೆ. ಮಕ್ಕಳ ಜೊತೆ ಬರುವವರಿಗೆ ವಾಪಸ್ ಬರುವ ದಾರಿ ಒಳ್ಳೆಯದು. ವೇಗ ಬೇಕೆನ್ನುವವರಿಗೆ ಹೆದ್ದಾರಿ. ಪುರುಸೊತ್ತು ಇರುವವರಿಗೆ ದೋಣಿ.

ಇನ್ನೊಂದು ವಿಷಯ ಗಾಳಿ. "ಕರಾವಳಿ ಅಂದ್ರೆ ಸಪಾಟು, ಆರಾಮ" ಎಂದು ಬಂದವರು ಮಧ್ಯಾಹ್ನ ಹನ್ನೆರಡಕ್ಕೆ ಮುಖ ಕೆಂಪು ಮಾಡಿಕೊಂಡು ಹ್ಯಾಂಡಲ್ ಮೇಲೆ ಮಲಗಿರುತ್ತಾರೆ. ಇಲ್ಲಿ ಗುಡ್ಡದ ಕೆಲಸವನ್ನು ಗಾಳಿ ಮಾಡುತ್ತದೆ. ಬೆಳಗ್ಗೆ ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಗಾಳಿ ಬೀಸುತ್ತದೆ, ಅದರಿಂದ ತೊಂದರೆ ಇಲ್ಲ. ನೆಲ ಕಾದ ಮೇಲೆ, ಹತ್ತು ಹನ್ನೊಂದರ ನಂತರ, ಕಡಲ ಗಾಳಿ ಏಳುತ್ತದೆ. ಚಳಿಗಾಲದಿಂದ ಬೇಸಿಗೆವರೆಗೆ ಅದು ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಹಾಗಾಗಿ ಬೆಳಗ್ಗೆ ಉತ್ತರಕ್ಕೆ ಹೋಗಿ, ಮಧ್ಯಾಹ್ನ ದಕ್ಷಿಣಕ್ಕೆ ಬಂದರೆ ಗಾಳಿ ಬೆನ್ನಿಗೆ. ಉಲ್ಟಾ ಮಾಡಿದರೆ ಕೊನೆಯ ಇಪ್ಪತ್ತು ಕಿಲೋಮೀಟರ್ ಘಟ್ಟ ಹತ್ತಿದ ಹಾಗಿರುತ್ತದೆ. ಈ ಎರಡು ಮಾತು ನೆನಪಿದ್ದರೆ ಉಳಿದದ್ದು ಸುಲಭ.

ಮಲ್ಪೆ, ಪಡುಕರೆ, ಮಟ್ಟು, ಕಾಪು: ವಾಪಸ್ ಬರುವ ದಾರಿ

ಮೊದಲ ಸಲ ಬರುವವರಿಗೆ ನಾನು ಹೇಳುವುದು ಇದನ್ನೇ. ಉಡುಪಿಯಿಂದ ಮಲ್ಪೆಗೆ ಆರು ಕಿ.ಮೀ. ಬಂದರಿನ ಹತ್ತಿರ ಸೇತುವೆ ದಾಟಿ ಪಡುಕರೆಗೆ ಇಳಿದರೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಉದ್ಯಾವರ ಹೊಳೆ. ನಡುವೆ ಇರುವುದು ಒಂದು ಪಟ್ಟಿ ಮರಳು, ತೆಂಗಿನ ಮರ, ಮನೆಗಳು ಮತ್ತು ಈ ರಸ್ತೆ. ಕೆಲವು ಕಡೆ ಸೈಕಲ್ ಮೇಲೆ ಕೂತೇ ಎರಡೂ ನೀರು ಕಾಣುತ್ತದೆ. ಪೂರ್ತಿ ಸಪಾಟು. ಹೋಗಿ ಬರಲು ಸುಮಾರು 40 ಕಿ.ಮೀ. ಹೆದ್ದಾರಿಗೆ ಚಕ್ರ ಮುಟ್ಟಿಸುವ ಅಗತ್ಯವೇ ಇಲ್ಲ.

ಮಟ್ಟು ಅಂದರೆ ಮಟ್ಟುಗುಳ್ಳ, ಅಲ್ವಾ. ದುಂಡಗಿನ ಹಸಿರು ಬದನೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಗುರುತು ಸಿಕ್ಕಿತು. ಚಳಿಗಾಲದ ಬೆಳೆ ಬರುವ ಹೊತ್ತಿಗೆ ಹೋದರೆ ರಸ್ತೆಯಿಂದಲೇ ಗದ್ದೆ ಕಾಣುತ್ತದೆ. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ಅದರ ಬುಡದಲ್ಲಿ ಕೂತು ಬೊಂಡ ಕುಡಿದು ವಾಪಸ್ ಹೊರಡುವುದು ನನ್ನ ರೂಢಿ. ಬೊಂಡ ಅಂದರೆ ಇಲ್ಲಿ ಎಳನೀರು, ಕರಿದ ತಿಂಡಿ ಅಲ್ಲ. ಬಯಲುಸೀಮೆಯವರು ಒಮ್ಮೆ ಕೇಳಿ ಪೆಚ್ಚಾಗುತ್ತಾರೆ.

ಕೊರತೆಗಳೂ ಇವೆ. ರಸ್ತೆ ಕಿರಿದು. ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಭಾನುವಾರ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ರಸ್ತೆ ನಡುವೆಯೇ ನಿಂತಿರುತ್ತಾರೆ. ಬೆಲ್ ಹೊಡೆದರೆ ಫೋಟೋದವನಿಗೆ ಸಿಟ್ಟು. ವಾರದ ದಿನ, ಬೆಳಗ್ಗೆ ಆರೂವರೆಗೆ ಹೋದರೆ ಈ ರಸ್ತೆ ನಿಮ್ಮದೇ. ಇನ್ನೊಂದು, ಕಾಪು ಇರುವುದು ದಕ್ಷಿಣಕ್ಕೆ. ಅಂದರೆ ವಾಪಸ್ ಬರುವಾಗ ಉತ್ತರಕ್ಕೆ. ಹತ್ತು ಗಂಟೆಯೊಳಗೆ ಮಲ್ಪೆ ಮುಟ್ಟದಿದ್ದರೆ ಗಾಳಿ ಎದೆಗೆ. ಕಾರಿನಲ್ಲಿ ಸೈಕಲ್ ತರುವವರು ಕಾಪುವಿನಿಂದಲೇ ಶುರು ಮಾಡಿದರೆ ಜಾಣತನ.

ಮಲ್ಪೆ ಬಂದರಿನ ಹತ್ತಿರ ಮಾತ್ರ ಜಾಗ್ರತೆ. ಮೀನಿನ ಲಾರಿಯಿಂದ ಸೋರುವ ನೀರು ರಸ್ತೆ ಮೇಲೆ ಎಣ್ಣೆಯ ಹಾಗೆ. ಮೂರು ವರ್ಷದ ಹಿಂದೆ ಒಂದು ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ, ಅಷ್ಟೇ. ಮೊಣಕೈ ಚರ್ಮ ಹೋದದ್ದು ವಾಸಿಯಾಯಿತು. ಆದರೆ ಆ ಜೆರ್ಸಿಯ ವಾಸನೆ ಎರಡು ತಿಂಗಳು ಹೋಗಲಿಲ್ಲ. ಒದ್ದೆ ಕಂಡರೆ ಬ್ರೇಕ್ ಮುಟ್ಟಬೇಡಿ. ಮೊದಲೇ ನಿಧಾನ ಮಾಡಿ, ನೇರವಾಗಿ ದಾಟಿ.

ಕುಂದಾಪುರ, ಮರವಂತೆ, ಬೈಂದೂರು: ಹೆದ್ದಾರಿ ದಾರಿ

ಎಲ್ಲರೂ ಕೇಳುವುದು ಮರವಂತೆ. ಫೋಟೋ ನೋಡಿರುತ್ತಾರೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಜಾಗ ನಿಜವಾಗಿಯೂ ಅಪರೂಪದ್ದು. ಕೊಲ್ಲೂರು ಕಡೆಯಿಂದ ಬರುವ ಹೊಳೆ ಇಲ್ಲಿ ಕಡಲಿಗೆ ಇನ್ನೇನು ಸೇರಿತು ಅನ್ನುವಷ್ಟು ಹತ್ತಿರ ಬಂದು, ತಿರುಗಿ, ಇನ್ನೂ ಹತ್ತಿರ ಹತ್ತು ಕಿಲೋಮೀಟರ್ ಹರಿದು ಗಂಗೊಳ್ಳಿಯಲ್ಲಿ ಅಳಿವೆ ಸೇರುತ್ತದೆ. ಮಾರಸ್ವಾಮಿ ದೇವಸ್ಥಾನದ ಮುಂದೆ ಲಾರಿಯವರು ನಿಧಾನ ಮಾಡಿ ಕೈಮುಗಿದು ಹೋಗುವುದನ್ನು ನೋಡಬಹುದು.

ಆದರೆ ಸೈಕಲ್ ಸವಾರನಾಗಿ ಹೇಳುವುದಾದರೆ, ಆ ಚೆಂದ ಹತ್ತು ನಿಮಿಷದ್ದು. ಅದಕ್ಕಾಗಿ ಕುಂದಾಪುರದಿಂದ ಹೆಮ್ಮಾಡಿ, ತ್ರಾಸಿ ಎಂದು ಹೆದ್ದಾರಿಯಲ್ಲೇ ತುಳಿಯಬೇಕು. ನಾಲ್ಕು ಪಥವಾದ ಮೇಲೆ ಡಾಂಬರು ನಯವಾಗಿದೆ, ಅಂಚಿನಲ್ಲಿ ಜಾಗವೂ ಇದೆ. ಗುಂಪಾಗಿ ವೇಗವಾಗಿ ಹೋಗುವವರಿಗೆ ಹೇಳಿಮಾಡಿಸಿದ ರಸ್ತೆ. ಕುಂದಾಪುರದಿಂದ ಬೈಂದೂರಿಗೆ ಹೋಗಿ ಬಂದರೆ 60 ದಾಟುತ್ತದೆ. ಒತ್ತಿನೆಣೆಯ ಏರು ಬಿಟ್ಟರೆ ದೊಡ್ಡ ಏರಿಲ್ಲ. ಅಲ್ಲಿ ಹತ್ತಿ ನಿಂತರೆ ಕೆಳಗೆ ಸೋಮೇಶ್ವರದ ಕಡಲು ಕಾಣುತ್ತದೆ, ಬೆವರಿಗೆ ಮೋಸ ಇಲ್ಲ. ಬೆಳಗ್ಗೆ ಉತ್ತರಕ್ಕೆ, ಮಧ್ಯಾಹ್ನ ದಕ್ಷಿಣಕ್ಕೆ ಆಗುವುದರಿಂದ ಗಾಳಿಯ ಲೆಕ್ಕವೂ ಸರಿಹೋಗುತ್ತದೆ.

ತೊಂದರೆ ಬರುವುದು ಮುಖ್ಯವಾಗಿ ಡಿವೈಡರ್ ಬಿಟ್ಟ ಜಾಗಗಳಲ್ಲಿ. ಸ್ಕೂಟರಿನವರು ಅಂಚಿನಲ್ಲೇ ಎದುರಿನಿಂದ ಬರುತ್ತಾರೆ. ಅವರಿಗೂ ಬೇರೆ ದಾರಿ ಇಲ್ಲ, ಯು ತಿರುವು ಎಲ್ಲೋ ದೂರ ಇರುತ್ತದೆ. ಸೇತುವೆಗಳ ಮೇಲೆ ಅಂಚು ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಕುಂದಾಪುರ ಬಿಟ್ಟ ಕೂಡಲೇ ಸಿಗುವ ಸಂಗಮ್ ಸೇತುವೆಯಲ್ಲಿ ಹಿಂದೆ ಬಸ್ ಇದ್ದರೆ ನಾನು ಇವತ್ತಿಗೂ ಉಸಿರು ಹಿಡಿದೇ ದಾಟುತ್ತೇನೆ. ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯಲಿ. ಹೊಸಬರನ್ನು, ಮಕ್ಕಳನ್ನು ಈ ದಾರಿಗೆ ಕರೆದುಕೊಂಡು ಹೋಗಬೇಡಿ.

ಹೊಳೆಯ ಲೆಕ್ಕ ಅಂದೆನಲ್ಲ, ಅದಕ್ಕೆ ಗಂಗೊಳ್ಳಿಯೇ ಸಾಕ್ಷಿ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿಯ ದೋಣಿಗಳ ಬಣ್ಣ ಗುರುತಾಗುತ್ತದೆ. ಸೈಕಲ್ಲಿನಲ್ಲಿ ಹೋಗಬೇಕೆಂದರೆ ಹೆಮ್ಮಾಡಿ, ತ್ರಾಸಿ ಸುತ್ತಿ ಬರಬೇಕು.

ಹೊನ್ನಾವರ, ಗೇರುಸೊಪ್ಪೆ: ಹೊಳೆ ದಾಟದೆ ಹೊಳೆ ಜೊತೆಗೆ

ಇದು ಬೇರೆಯದೇ ಜಾತಿ. ಕಡಲಿಗೆ ಬೆನ್ನು ಹಾಕಿ ಶರಾವತಿಯ ಜೊತೆ ಮೇಲಕ್ಕೆ ಹೋಗುವುದು. ಗೇರುಸೊಪ್ಪೆಗೆ ಒಂದು ಕಡೆಗೆ 30 ಕಿ.ಮೀ. ಹತ್ತಿರ. ಅಡಿಕೆ ತೋಟ, ತೆಂಗು, ನಡುನಡುವೆ ಹೊಳೆ. ನೆರಳು ಜಾಸ್ತಿ. ಏಪ್ರಿಲ್‌ನಲ್ಲಿ ತುಳಿಯಲೇಬೇಕೆಂಬ ಹಟ ಇದ್ದರೆ ಈ ಐದರಲ್ಲಿ ಸಹಿಸಬಹುದಾದದ್ದು ಇದೊಂದೇ. ಗೇರುಸೊಪ್ಪೆ ಒಂದು ಕಾಲದಲ್ಲಿ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಊರು. ಹತ್ತಿರದ ಕಾಡಿನಲ್ಲಿ ಚತುರ್ಮುಖ ಬಸದಿ ಇದೆ, ನಾಲ್ಕು ದಿಕ್ಕಿಗೂ ಬಾಗಿಲು.

ಗಾಳಿ ಮಾತ್ರ ಇಲ್ಲಿ ಕೈಕೊಡುತ್ತದೆ. ಹೋಗುವಾಗ ಪೂರ್ವಕ್ಕೆ, ಬರುವಾಗ ಪಶ್ಚಿಮಕ್ಕೆ. ಮಧ್ಯಾಹ್ನದ ಕಡಲ ಗಾಳಿ ಕಣಿವೆಯೊಳಗೆ ನುಗ್ಗಿ ನೇರ ಮುಖಕ್ಕೆ ಹೊಡೆಯುತ್ತದೆ. ಜೋಗಕ್ಕೆ ಹೋಗುವ ಬಸ್ಸು ಕಾರುಗಳು ಬೇರೆ. ಬೇಗ ಹೋಗಿ ಬೇಗ ಬನ್ನಿ. ಏರು ಇಷ್ಟ ಇರುವವರು ಗೇರುಸೊಪ್ಪೆಯಿಂದ ಮುಂದೆ ಮಾವಿನಗುಂಡಿಯವರೆಗೆ ಘಟ್ಟ ಹತ್ತಬಹುದು. ಅಲ್ಲಿಗೆ ಅದು ಕರಾವಳಿ ಸವಾರಿ ಆಗಿ ಉಳಿಯುವುದಿಲ್ಲ, ಅದರ ಕಥೆಯೇ ಬೇರೆ.

ಮಲ್ಪೆ, ಕೋಡಿ ಬೆಂಗ್ರೆ, ಹಂಗಾರಕಟ್ಟೆ: ಮೊದಲ ದೋಣಿ

ಈಗ ನನಗೆ ಇಷ್ಟದ ವಿಷಯಕ್ಕೆ ಬರುತ್ತೇನೆ. ಮಲ್ಪೆಯಿಂದ ಉತ್ತರಕ್ಕೆ ತೊಟ್ಟಂ, ಹೂಡೆ ಮೇಲಿಂದ ಕೋಡಿ ಬೆಂಗ್ರೆಗೆ ಸುಮಾರು 12 ಕಿ.ಮೀ. ಹೂಡೆ ದಾಟಿದ ಮೇಲೆ ನೆಲ ಸಣ್ಣದಾಗುತ್ತ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ಹೊಳೆ, ಅದರೊಳಗೆ ಕುದ್ರುಗಳು, ಅಂದರೆ ಹೊಳೆ ನಡುವಿನ ದ್ವೀಪಗಳು. ಮನೆಯ ಅಂಗಳದಲ್ಲಿ ಬಲೆ ಹೊಲಿಯುತ್ತ ಕೂತವರು ತಲೆ ಎತ್ತಿ ನೋಡುತ್ತಾರೆ. ಕೊನೆಗೆ ರಸ್ತೆಯೇ ಮುಗಿಯುತ್ತದೆ. ಅಲ್ಲಿ ಸ್ವರ್ಣಾ, ಸೀತಾ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ.

ಇಲ್ಲಿ ಎರಡು ದಾರಿ. ಸುಲಭದ್ದು: ಹೂಡೆಗೆ ವಾಪಸ್ ಬಂದು ಕೆಮ್ಮಣ್ಣು, ನೇಜಾರು, ಸಂತೆಕಟ್ಟೆ ಮೇಲೆ ಉಡುಪಿ. ಕೆಮ್ಮಣ್ಣಿನಲ್ಲಿ ತಿಮ್ಮಣ್ಣಕುದ್ರಿಗೆ ತೂಗುಸೇತುವೆ ಇದೆ. ಸೈಕಲ್ ದಡದಲ್ಲಿ ನಿಲ್ಲಿಸಿ ನಡೆದೇ ಹೋಗಿ. ಹಲಗೆ ಸಂದಿಯಲ್ಲಿ ರೋಡ್ ಬೈಕಿನ ಟೈರು ಸಿಕ್ಕಿಕೊಂಡರೆ ಮರ್ಯಾದೆ ಹೋಗುತ್ತದೆ. ಪೂರ್ತಿ ಸುತ್ತು 40 ಕಿ.ಮೀ. ಒಳಗೆ. ಹೆದ್ದಾರಿ ಕೊನೆಯಲ್ಲಿ ಸ್ವಲ್ಪವೇ ಸ್ವಲ್ಪ.

ಇನ್ನೊಂದು, ಬೆಂಗ್ರೆಯ ಕಡವಿನಲ್ಲಿ, ಅಂದರೆ ದೋಣಿ ಹತ್ತುವ ಜಾಗದಲ್ಲಿ ನಿಂತು ಹಂಗಾರಕಟ್ಟೆಗೆ ಹೊಳೆ ದಾಟುವುದು. ಸೈಕಲ್ ನೋಡಿ ದೋಣಿಯವರು ಕೇಳುವ ಮೊದಲ ಪ್ರಶ್ನೆ, "ಎಷ್ಟ್ ಇದರ ರೇಟು ಮಾರಾಯ್ರೆ?" ನಿಜ ಹೇಳಿದರೆ ನಂಬುವುದಿಲ್ಲ. ಆಚೆ ದಡದಲ್ಲಿ ಹಂಗಾರಕಟ್ಟೆ. ಅಲ್ಲಿಂದ ಸಾಸ್ತಾನಕ್ಕೆ ಐದಾರು ಕಿ.ಮೀ. ಸಾಸ್ತಾನದಿಂದ ಉಡುಪಿಗೆ ಮಾತ್ರ ಹೆದ್ದಾರಿಯೇ ಗತಿ: ಮಾಬುಕಳ ಸೇತುವೆ, ಬ್ರಹ್ಮಾವರ, ಕಲ್ಯಾಣಪುರ ಸೇತುವೆ. ಆದರೆ ದಿಕ್ಕು ನೋಡಿ. ಬೆಳಗ್ಗೆ ಸಣ್ಣ ರಸ್ತೆಯಲ್ಲಿ ಉತ್ತರಕ್ಕೆ ಹೋಗಿ, ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬರುತ್ತೀರಿ. ಗಾಳಿ ಬೆನ್ನಿಗಿದ್ದರೆ ಆ ಇಪ್ಪತ್ತು ಕಿಲೋಮೀಟರ್ ಮುಗಿದದ್ದೇ ಗೊತ್ತಾಗುವುದಿಲ್ಲ. ಕೆಲವರು ಈ ಸುತ್ತನ್ನು ಉಲ್ಟಾ ಮಾಡುತ್ತಾರೆ, ಯಾಕೋ ಗೊತ್ತಿಲ್ಲ.

ಕುಮಟಾ, ಅಘನಾಶಿನಿ, ತದಡಿ, ಗೋಕರ್ಣ: ಎರಡನೇ ದೋಣಿ

ಒಂದೇ ದಿನ ಇದೆ, ಒಂದೇ ದಾರಿ ಹೇಳು ಅಂದರೆ ನಾನು ಹೇಳುವುದು ಇದು. ಐದರಲ್ಲಿ ಇದೇ ಕಷ್ಟದ್ದು, ಇದೇ ಚೆಂದದ್ದು.

ಕುಮಟಾದಿಂದ ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಹತ್ತು ಹನ್ನೆರಡು ಕಿ.ಮೀ. ನಕ್ಷೆಯಲ್ಲಿ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಉಡುಪಿಯ ಕಡಲತೀರದ ಹಾಗೆ ಇಲ್ಲಿ ಸಪಾಟು ಮರಳಿಲ್ಲ. ಕೆಂಪು ಕಲ್ಲಿನ ಗುಡ್ಡಗಳು ಕಡಲಿನವರೆಗೆ ಬಂದು ನಿಂತಿವೆ. ಹತ್ತು, ಇಳಿ, ಮತ್ತೆ ಹತ್ತು. ಒಂದೊಂದು ಏರೂ ಸಣ್ಣದೇ, ಆದರೆ ಕಡಿದು. ಹಿಂದಿನ ಚಕ್ರದ ಗೇರು ಗೊಂಚಲಿನಲ್ಲಿ, ಅಂದರೆ ಕ್ಯಾಸೆಟ್ಟಿನಲ್ಲಿ, ದೊಡ್ಡ ಹಲ್ಲುಚಕ್ರ ಇಲ್ಲದವರು ನಿಂತೇ ತುಳಿಯಬೇಕು.

ಅಘನಾಶಿನಿಯಲ್ಲಿ ರಸ್ತೆ ಮುಗಿದು ತಾರಿ ಸಿಗುತ್ತದೆ. ಉಡುಪಿ ಕಡೆ ಕಡವು, ಇಲ್ಲಿ ತಾರಿ, ಎರಡೂ ಒಂದೇ. ಮೀನಿನ ಬುಟ್ಟಿಯ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ಒಂದೆರಡು ಬೈಕು, ನಡುವೆ ನಿಮ್ಮ ಸೈಕಲ್. ಸೈಕಲ್ಲನ್ನು ಒರಗಿಸಬೇಡಿ, ನೀವೇ ಹಿಡಿದು ನಿಲ್ಲಿ. ಅಲೆಗೆ ದೋಣಿ ವಾಲಿದಾಗ ಗೇರು ಬದಲಿಸುವ ಡಿರೇಲರ್ ಕಡೆಗೇ ಬೀಳುತ್ತದೆ, ಅದು ಸೈಕಲ್ಲಿನ ಹಣೆಬರಹ.

ಈ ಹೊಳೆಗೆ ಶಿರಸಿ ಕಡೆ ಹುಟ್ಟಿದಲ್ಲಿಂದ ಕಡಲಿನವರೆಗೆ ಎಲ್ಲೂ ಅಣೆಕಟ್ಟಿಲ್ಲ. ಅದಕ್ಕೇ ಇಲ್ಲಿನ ಅಳಿವೆ ಇನ್ನೂ ಜೀವಂತ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಬಳಚು ಎಂಬ ಚಿಪ್ಪುಜೀವಿ ಆರಿಸುವವರು, ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತದ ಗದ್ದೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಳಿತ ಇದ್ದಾಗ ದೋಣಿಯಿಂದ ನೋಡಿದರೆ ಸೊಂಟದವರೆಗಿನ ನೀರಿನಲ್ಲಿ ಬಗ್ಗಿ ಬಳಚು ತೆಗೆಯುತ್ತಿರುವವರು ಕಾಣುತ್ತಾರೆ.

ಆಚೆ ದಡ ತದಡಿ. ಗೋಕರ್ಣ ಅಲ್ಲಿಂದ ನಾಲ್ಕೈದು ಕಿ.ಮೀ. ಅಷ್ಟೇ. ಗೋಕರ್ಣದ ಪೇಟೆಯಲ್ಲಿ ಸೈಕಲ್ ತುಳಿಯುವ ಆಸೆ ಬೇಡ, ತಳ್ಳಿಕೊಂಡೇ ಹೋಗಿ. ಬೇಸಿಗೆಯಲ್ಲಿ ಹೋದರೆ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಬಹುದು, ಬಿಸಿಲಿಗೆ ಕಣ್ಣು ಕುಕ್ಕುವ ಬಿಳಿ ರಾಶಿಗಳು. ವಾಪಸ್ ಬರುವುದು ಮಾದನಗೇರಿಯಲ್ಲಿ ಹೆದ್ದಾರಿ ಸೇರಿ, ಮಿರ್ಜಾನ್ ಕೋಟೆ ನೋಡಿಕೊಂಡು, ದಿವಗಿ ಸೇತುವೆ ದಾಟಿ ಕುಮಟಾಕ್ಕೆ. ಎಲ್ಲ ಸೇರಿ ಐವತ್ತರ ಆಸುಪಾಸು. ಐವತ್ತಾ, ಅಷ್ಟೇನಾ ಅಂತ ಕೇಳಬೇಡಿ. ದೋಣಿಗೆ ಕಾಯುವುದು, ಕೋಟೆ, ಊಟ ಸೇರಿ ಇಡೀ ದಿನ ಹೋಗುತ್ತದೆ. ಹೆದ್ದಾರಿ ಬೇಡವೇ ಬೇಡ ಎನ್ನುವವರು ಬಂದ ತಾರಿಯಲ್ಲೇ ವಾಪಸ್ ಬರಬಹುದು. ಸಂಜೆಯ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಬೆಳಗ್ಗೆ ದಾಟುವಾಗಲೇ ಕೇಳಿಟ್ಟುಕೊಳ್ಳಿ. ಕೇಳದೆ ಒಮ್ಮೆ ನಾನು ಕತ್ತಲಲ್ಲಿ ಹೆದ್ದಾರಿ ಸುತ್ತಿ ಬಂದಿದ್ದೇನೆ.

ಯಾವಾಗ, ಯಾವ ಟೈರು, ಹೇಗೆ ಬರುವುದು

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಜನವರಿಯಲ್ಲಿ ಬೆಳಕಾಗುವುದು ಏಳರ ಹತ್ತಿರ, ಲೈಟ್ ಬೇಕು. ಮಾರ್ಚ್ ನಂತರ ಬಿಸಿಲಿಗಿಂತ ಸೆಕೆ ಕೊಲ್ಲುತ್ತದೆ, ಬೆವರು ಆರುವುದೇ ಇಲ್ಲ.

ಮಳೆಗಾಲದಲ್ಲಿ ಹಸಿರು ನೋಡಲು ಆಸೆಯಾಗುತ್ತದೆ, ನನಗೂ ಆಗುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ನೆಚ್ಚಿಕೊಂಡ ಎರಡೂ ದಾರಿ ಬಿಡಿ. ಪಡುಕರೆ ಕಡೆ ಕೆಲವೊಮ್ಮೆ ಅಲೆ ರಸ್ತೆಗೇ ಬಂದು ಕಲ್ಲು ಮರಳು ಹಾಕಿ ಹೋಗಿರುತ್ತದೆ. ಕುಮಟಾದಿಂದ ಉತ್ತರಕ್ಕಂತೂ ಬೇಡವೇ ಬೇಡ. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ ಸತ್ತದ್ದು 2024ರ ಜುಲೈ 16ರಂದು. ಮೂರು ವಾರ ಕಳೆದು, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಮಳೆಯಲ್ಲಿ ತುಳಿಯಲೇಬೇಕಾದರೆ ಕೆಮ್ಮಣ್ಣು, ನೇಜಾರಿನ ಒಳರಸ್ತೆ ಸಾಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮಲ್ಪೆ ರಸ್ತೆಯಲ್ಲಿ ಮೀನಿನ ಲಾರಿ ಕಡಿಮೆ. ಆ ಒಂದು ಲಾಭ ಉಂಟು.

ಟೈರು 28 ಎಂಎಂ ಇರಲಿ, 32 ಆದರೆ ಇನ್ನೂ ಒಳ್ಳೆಯದು. 25 ಹಾಕಿಕೊಂಡು ಹೆದ್ದಾರಿಯಲ್ಲಿ ಹಾರಬಹುದು. ಬೆಂಗ್ರೆಯ ಕಾಂಕ್ರೀಟ್ ರಸ್ತೆಯ ಅಂಚು, ತಿರುವಿನಲ್ಲಿ ಕೂತ ಮರಳು, ಪ್ರತಿ ದೇವಸ್ಥಾನದ ಮುಂದಿನ ಹಂಪು, ಇವುಗಳ ಎದುರು ಅದರ ಆಟ ನಡೆಯುವುದಿಲ್ಲ. ಗಾಳಿ ಸ್ವಲ್ಪ ಕಡಿಮೆ ತುಂಬಿ.

ತಿಂಡಿಗೆ ಚಿಂತೆ ಇಲ್ಲ. ಬೆಳಗ್ಗೆ ಏಳಕ್ಕೆ ಯಾವ ಸಣ್ಣ ಹೋಟೆಲಿಗೆ ಹೋದರೂ ಬನ್ಸ್ ಸಿಗುತ್ತದೆ. ಬಾಳೆಹಣ್ಣು, ಮೈದಾ, ಎಣ್ಣೆ. ಪ್ಯಾಕೆಟ್ಟಿನ ಎನರ್ಜಿ ಜೆಲ್ ಯಾಕೆ ಬೇಕು ಹೇಳಿ. ನಡುವೆ ಬೊಂಡ, ಕುಮಟಾ ಕಡೆ ಆದರೆ ಮುರುಗಲ (ಕೋಕಂ) ಪಾನಕಕ್ಕೆ ಉಪ್ಪು ಹಾಕಿಸಿಕೊಳ್ಳಿ.

ಬೆಂಗಳೂರಿನಿಂದ ಬರುವವರಿಗೆ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಉಡುಪಿ, ಕುಂದಾಪುರ, ಹೊನ್ನಾವರ, ಕುಮಟಾ ಎಲ್ಲ ಸಿಗುತ್ತದೆ. ಎರಡೂ ಚಕ್ರ ಬಿಚ್ಚಿ ಚೀಲಕ್ಕೆ ಹಾಕಿದರೆ ಸಾಗಿಸುವುದು ಸುಲಭ.

ವಾಪಸ್ ಹೋದ ಮೇಲೆ ಸೈಕಲ್ಲನ್ನು ಹಾಗೇ ಗೋಡೆಗೆ ಒರಗಿಸಿ ಮಲಗಬೇಡಿ. ಕಡಲ ಗಾಳಿಯ ಉಪ್ಪು ಚೈನಿಗೆ, ಬೋಲ್ಟಿಗೆ ಹತ್ತಿರುತ್ತದೆ. ಒಂದು ಬಕೆಟ್ ಸಿಹಿನೀರು ಹುಯ್ದು, ಒರೆಸಿ, ಚೈನಿಗೆ ಎಣ್ಣೆ ಹಾಕಿ. ಮಟ್ಟುವಿಗೆ ಬಂದು ಹೋದ ಗೆಳೆಯನೊಬ್ಬ ವಾರ ಕಳೆದು ಫೋನ್ ಮಾಡಿದ. ಸೀಟಿನ ಬೋಲ್ಟು ತಿರುಗುತ್ತಿಲ್ಲವಂತೆ.